‘ಬಂದಿಲ್ಲ’ ಮತ್ತು ‘ಬರಲಿಲ್ಲ’: ಇಂಗ್ಲಿಷಿನ ಎರಡು ಕಾಲಗಳಿಗೆ ಕನ್ನಡದ ಕೀಲಿಕೈ

ಬನಶಂಕರಿಯ ಚಿಕಿತ್ಸಾಲಯವೊಂದರಲ್ಲಿ ಕನ್ನಡ ತಿಳಿಯದ ವೈದ್ಯರ ಎದುರು ರೋಗಿಯೊಬ್ಬರು ಕುಳಿತಿದ್ದಾರೆ ಎಂದು ಭಾವಿಸಬಹುದು. ಮೂರು ದಿನಗಳಿಂದ ಅವರಿಗೆ ಜ್ವರವಿದೆ; ಇನ್ನೂ ಬಿಟ್ಟಿಲ್ಲ. ಅದನ್ನು ಅವರು ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್’ ಎಂದು ಹೇಳುತ್ತಾರೆ. ಈ ವಾಕ್ಯದ ಅರ್ಥ ‘ಮೂರು ದಿನ ಜ್ವರ ಇತ್ತು’ ಎಂದು. ಜ್ವರ ಬಂದು ಹೋಗಿದೆ, ಈಗ ಇಲ್ಲ ಎಂದೇ ವೈದ್ಯರು ತಿಳಿಯುವ ಸಂಭವವಿದೆ. ರೋಗಿ ಹೇಳಬೇಕಾಗಿದ್ದುದು ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್’ ಎಂದು. ನಡುವೆ ಸೇರಬೇಕಾದದ್ದು ಒಂದೇ ಒಂದು ಪದ. ಅದು ಬಿಟ್ಟುಹೋದುದರಿಂದ ಇರುವ ಜ್ವರ ಇಲ್ಲವಾಯಿತು.

ಇಂಗ್ಲಿಷ್ ವ್ಯಾಕರಣದಲ್ಲಿ ಮೊದಲನೆಯ ರೂಪಕ್ಕೆ ‘ಸಿಂಪಲ್ ಪಾಸ್ಟ್’, ಅಂದರೆ ಸಾಮಾನ್ಯ ಭೂತಕಾಲ ಎಂದು ಹೆಸರು. ಎರಡನೆಯದು ‘ಪ್ರೆಸೆಂಟ್ ಪರ್ಫೆಕ್ಟ್’, ಅಂದರೆ ಪೂರ್ಣ ವರ್ತಮಾನ ಕಾಲ. ಎರಡೂ ನಡೆದುಹೋದ ಸಂಗತಿಯನ್ನೇ ಹೇಳುತ್ತವೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಮಾತ್ರವಲ್ಲ, ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರನ್ನೂ ಕಾಡುವ ಪ್ರಶ್ನೆ. ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಂತಹ ಕಡೆ ಕಚೇರಿಯ ಪತ್ರ, ಉದ್ಯೋಗದ ಸಂದರ್ಶನ, ಬಾಡಿಗೆಯ ಮಾತುಕತೆ ಮುಂತಾದವು ಅನೇಕ ವೇಳೆ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಈ ಗೊಂದಲದ ಬೆಲೆ ಅಂಕಪಟ್ಟಿಯಲ್ಲಿ ಕಳೆದುಹೋಗುವ ಒಂದೆರಡು ಅಂಕಗಳಿಗಿಂತ ಹೆಚ್ಚಿನದು.

ಆದರೆ ಈ ಭೇದ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ‘ಬಂದಿಲ್ಲ’ ಮತ್ತು ‘ಬರಲಿಲ್ಲ’ ಎಂಬ ಎರಡು ಮಾತುಗಳ ನಡುವೆ ಅದನ್ನು ಅವರು ದಿನನಿತ್ಯ ಪಾಲಿಸುತ್ತಾರೆ. ಅದನ್ನು ಗುರುತಿಸಿಕೊಂಡರೆ ಅರ್ಧ ದಾರಿ ಸಾಗಿದಂತೆ. ಉಳಿದ ಅರ್ಧ ದಾರಿ, ಕನ್ನಡದಲ್ಲಿಲ್ಲದ ಇಂಗ್ಲಿಷಿನ ಒಂದು ಕಟ್ಟುಪಾಡನ್ನು ನೆನಪಿಡುವುದು.

ರೂಪಗಳು

ಸಿಂಪಲ್ ಪಾಸ್ಟ್‌ನಲ್ಲಿ ಕ್ರಿಯಾಪದದ ಎರಡನೆಯ ರೂಪ ಬರುತ್ತದೆ: ‘ಕೇಮ್’, ‘ವೆಂಟ್’, ‘ಸಾ’, ‘ರೋಟ್’, ‘ವರ್ಕ್ಡ್’. ಪ್ರಶ್ನೆ ಹಾಗೂ ನಿಷೇಧದಲ್ಲಿ ‘ಡಿಡ್’ ಸೇರಿ, ಮುಖ್ಯ ಕ್ರಿಯಾಪದ ಮೊದಲನೆಯ ರೂಪಕ್ಕೆ ಮರಳುತ್ತದೆ: ‘ಡಿಡ್ ಹಿ ಕಮ್?’, ‘ಹಿ ಡಿಡ್ ನಾಟ್ ಕಮ್’. ‘ಡಿಡ್ ನಾಟ್ ಕೇಮ್’ ಎಂಬುದು ತಪ್ಪು. ಭೂತಕಾಲದ ಭಾರವನ್ನು ‘ಡಿಡ್’ ಈಗಾಗಲೇ ಹೊತ್ತಿರುತ್ತದೆ.

ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ ಬರುತ್ತದೆ: ‘ಹ್ಯಾಸ್ ಕಮ್’, ‘ಹ್ಯಾಸ್ ಗಾನ್’, ‘ಹ್ಯಾವ್ ಸೀನ್’, ‘ಹ್ಯಾವ್ ರಿಟನ್’. ಪ್ರಶ್ನೆಯಲ್ಲಿ ‘ಹ್ಯಾಸ್ ಹಿ ಕಮ್?’, ನಿಷೇಧದಲ್ಲಿ ‘ಹಿ ಹ್ಯಾಸ್ ನಾಟ್ ಕಮ್’.

ಕನ್ನಡದ ‘ಬಂದಿದ್ದಾನೆ’ ಎಂಬ ರೂಪವನ್ನು ಬಿಡಿಸಿದರೆ ‘ಬಂದು + ಇದ್ದಾನೆ’ ಎಂದಾಗುತ್ತದೆ. ಬರುವ ಕ್ರಿಯೆ ಮುಗಿದಿದೆ. ‘ಇದ್ದಾನೆ’ ಎಂಬ ವರ್ತಮಾನ ಉಳಿದಿದೆ. ಇಂಗ್ಲಿಷಿನ ‘ಹ್ಯಾಸ್ ಕಮ್’ ರೂಪದ ಒಳಗೂ ಇಂಥದೇ ಜೋಡಣೆಯಿದೆ: ‘ಹ್ಯಾಸ್’ ವರ್ತಮಾನ, ‘ಕಮ್’ ಮುಗಿದ ಕ್ರಿಯೆ. ಕನ್ನಡ ‘ಇರು’ ಎಂಬ ಧಾತುವನ್ನು ಬಳಸಿದ ಕಡೆ ಇಂಗ್ಲಿಷ್ ‘ಹ್ಯಾವ್’ ಬಳಸಿದೆ, ಅಷ್ಟೇ. ಹಳೆಯ ಇಂಗ್ಲಿಷಿನಲ್ಲಂತೂ ಹೋಗು, ಬರು ಎಂಬಂತಹ ಕ್ರಿಯೆಗಳಿಗೆ ‘ಹಿ ಈಸ್ ಕಮ್’ ಎಂದು ‘ಇರು’ ಅರ್ಥದ ಸಹಾಯಕ ಕ್ರಿಯಾಪದವನ್ನೇ ಬಳಸುವ ರೂಢಿಯಿತ್ತು.

ಮೂಲ ನಿಯಮ

ನಡೆದ ಸಂಗತಿಗೂ ಈಗಿನ ಗಳಿಗೆಗೂ ನಂಟಿದ್ದರೆ ಪ್ರೆಸೆಂಟ್ ಪರ್ಫೆಕ್ಟ್. ಸಂಗತಿ ನಡೆದ ಕಾಲ ಮುಗಿದುಹೋಗಿದ್ದು, ಮಾತು ಆ ಕಾಲದ ಕುರಿತಾಗಿದ್ದರೆ ಸಿಂಪಲ್ ಪಾಸ್ಟ್.

‘ಐ ಹ್ಯಾವ್ ಲಾಸ್ಟ್ ಮೈ ಕೀ’ ಎಂದರೆ ಕೀಲಿಕೈ ಕಳೆದಿದೆ, ಈಗಲೂ ಸಿಕ್ಕಿಲ್ಲ, ಬಾಗಿಲ ಹೊರಗೆ ನಿಂತಿದ್ದೇನೆ ಎಂಬ ಧ್ವನಿ ಅದರಲ್ಲಿದೆ. ‘ಐ ಲಾಸ್ಟ್ ಮೈ ಕೀ’ ಎಂದರೆ ಒಮ್ಮೆ ಕಳೆದಿತ್ತು ಎಂಬ ವೃತ್ತಾಂತ. ಅನಂತರ ಸಿಕ್ಕಿತೋ ಇಲ್ಲವೋ ಎಂಬುದನ್ನು ವಾಕ್ಯ ಹೇಳುವುದಿಲ್ಲ.

ಭೂತಕಾಲವೆಲ್ಲ ಒಂದೇ ಬಗೆಯದಲ್ಲ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸತಲ್ಲ. ಪಾಣಿನಿಯ ವ್ಯಾಕರಣವು ಈ ದಿನದ್ದಲ್ಲದ ಭೂತಕ್ಕೆ ‘ಲಙ್’, ಕಣ್ಣಿಗೆ ಕಾಣದೆ ನಡೆದ ಭೂತಕ್ಕೆ ‘ಲಿಟ್’, ಸಾಮಾನ್ಯ ಭೂತಕ್ಕೆ ‘ಲುಙ್’ ಎಂದು ಮೂರು ರೂಪಗಳನ್ನು ವಿಂಗಡಿಸಿದೆ. ಇಂಗ್ಲಿಷ್ ಕೇಳುವ ಪ್ರಶ್ನೆ ಇವಕ್ಕಿಂತ ಬೇರೆ: ಸಂಗತಿ ಎಷ್ಟು ಹಳೆಯದು ಎಂಬುದಲ್ಲ, ಅದರ ಕಾಲದ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬುದು. ಐದು ನಿಮಿಷದ ಹಿಂದೆ ನಡೆದುದಕ್ಕೂ ‘ಫೈವ್ ಮಿನಿಟ್ಸ್ ಅಗೋ’ ಎಂದು ಹೇಳಿದೊಡನೆ ಸಿಂಪಲ್ ಪಾಸ್ಟ್ ಬರಬೇಕು. ಐವತ್ತು ವರ್ಷಗಳಿಂದ ನಡೆಯುತ್ತ ಬಂದುದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಬರಬೇಕು.

ಮೊದಲ ಕೀಲಿಕೈ: ನಿಷೇಧದ ಪರೀಕ್ಷೆ

ಅಡುಗೆಮನೆಯಲ್ಲಿ ಗ್ಯಾಸ್ ಮುಗಿದಿದೆ. ‘ಸಿಲಿಂಡರ್ ಬಂದಿಲ್ಲ’ ಎಂದು ಗೃಹಿಣಿ ಹೇಳಿದರೆ ಇನ್ನೂ ಕಾಯುತ್ತಿದ್ದಾರೆ ಎಂದು ಅರ್ಥ. ಅದು ಸಂಜೆಯೊಳಗೆ ಬಂದರೂ ಬರಬಹುದು. ‘ಆ ಸಲ ಸಿಲಿಂಡರ್ ಬರಲಿಲ್ಲ’ ಎಂದರೆ ಅದು ಹಳೆಯ ಕಥೆ. ಈ ಎರಡನ್ನೂ ಕನ್ನಡಿಗರಾರೂ ಅದಲುಬದಲು ಮಾಡುವುದಿಲ್ಲ. ಆಡುಮಾತಿನಲ್ಲಿಯೂ ‘ಬಂದಿಲ್ಲ’ ಮತ್ತು ‘ಬರ್ಲಿಲ್ಲ’ ಬೇರೆಬೇರೆಯಾಗಿಯೇ ಉಳಿದಿವೆ.

ಇಂಗ್ಲಿಷಿನ ಹೊಂದಿಕೆ ನೇರವಾಗಿದೆ. ‘ಬಂದಿಲ್ಲ’ ಎಂಬುದು ‘ಹ್ಯಾಸ್ ನಾಟ್ ಕಮ್’. ‘ಬರಲಿಲ್ಲ’ ಎಂಬುದು ‘ಡಿಡ್ ನಾಟ್ ಕಮ್’. ‘ನೋಡಿಲ್ಲ’ ಎಂಬುದು ‘ಹ್ಯಾವ್ ನಾಟ್ ಸೀನ್’. ‘ನೋಡಲಿಲ್ಲ’ ಎಂಬುದು ‘ಡಿಡ್ ನಾಟ್ ಸೀ’.

ತೊಡಕು ಇರುವುದು ನಿಷೇಧವಿಲ್ಲದ ವಾಕ್ಯಗಳಲ್ಲಿ. ಸಿಲಿಂಡರ್ ಆಗತಾನೆ ಬಾಗಿಲಿಗೆ ಬಂದಾಗಲೂ ‘ಬಂತು’, ಹೋದ ವಾರ ಬಂದುದಕ್ಕೂ ‘ಬಂತು’. ಕನ್ನಡದ ಈ ಉದಾರ ರೂಪವನ್ನು ಕಂಡು ಯಾವ ಇಂಗ್ಲಿಷ್ ರೂಪ ಬೇಕೆಂದು ತಿಳಿಯುವುದಿಲ್ಲ. ಆಗ ಮಾಡಬೇಕಾದುದು ಇಷ್ಟೇ: ಆ ವಾಕ್ಯವನ್ನು ಮನಸ್ಸಿನಲ್ಲಿಯೇ ನಿಷೇಧಕ್ಕೆ ತಿರುಗಿಸಬೇಕು. ಬಾಗಿಲಲ್ಲಿ ಸಿಲಿಂಡರ್ ಇರುವಾಗಿನ ‘ಬಂತು’ ಎಂಬುದರ ಎದುರು ಮಾತು ‘ಇನ್ನೂ ಬಂದಿಲ್ಲ’ ಎಂಬುದು. ಆದುದರಿಂದ ಇಂಗ್ಲಿಷಿನಲ್ಲಿ ‘ದ ಸಿಲಿಂಡರ್ ಹ್ಯಾಸ್ ಕಮ್’. ಹೋದ ವಾರದ ‘ಬಂತು’ ಎಂಬುದರ ಎದುರು ಮಾತು ‘ಹೋದ ವಾರ ಬರಲಿಲ್ಲ’ ಎಂಬುದು. ಆದುದರಿಂದ ‘ದ ಸಿಲಿಂಡರ್ ಕೇಮ್ ಲಾಸ್ಟ್ ವೀಕ್’.

ಈ ಪರೀಕ್ಷೆ ದಿಕ್ಸೂಚಿಯಂತೆ ನೆರವಾಗುತ್ತದೆ. ಕೆಲವರ ಮಾತಿನಲ್ಲಿ ‘ನಿನ್ನೆ ಬಂದಿಲ್ಲ’ ಎಂಬ ಬಳಕೆಯೂ ಕೇಳಿಬರುವುದುಂಟು. ಹಾಗಾಗಿ ವಾಕ್ಯದಲ್ಲಿ ನಿರ್ದಿಷ್ಟ ಕಾಲವನ್ನು ಹೇಳುವ ಪದವಿದ್ದರೆ ಆ ಪದದ ತೀರ್ಪೇ ಅಂತಿಮ.

ಎರಡನೆಯ ಕೀಲಿಕೈ: ‘ಇಂದ’ ಪ್ರತ್ಯಯ

‘ಮೂರು ದಿನ ಜ್ವರ ಇತ್ತು’, ‘ಮೂರು ದಿನಗಳಿಂದ ಜ್ವರ ಇದೆ’. ಮೊದಲನೆಯದರಲ್ಲಿ ಬರಿಯ ಅವಧಿಯೂ ‘ಇತ್ತು’ ಎಂಬ ಭೂತವೂ ಇವೆ. ಅದು ಸಿಂಪಲ್ ಪಾಸ್ಟ್. ಎರಡನೆಯದರಲ್ಲಿ ‘ಇಂದ’ ಪ್ರತ್ಯಯವೂ ‘ಇದೆ’ ಎಂಬ ವರ್ತಮಾನವೂ ಇವೆ. ಅದು ಪ್ರೆಸೆಂಟ್ ಪರ್ಫೆಕ್ಟ್. ಚಿಕಿತ್ಸಾಲಯದ ರೋಗಿ ಕನ್ನಡದಲ್ಲಿ ಹೇಳಿದ್ದರೆ ಈ ಎರಡರ ನಡುವೆ ತಪ್ಪುತ್ತಿರಲಿಲ್ಲ.

ಇಲ್ಲಿಯೇ ಬೆಂಗಳೂರಿನ ಅತ್ಯಂತ ಪರಿಚಿತ ತಪ್ಪೊಂದು ಹುಟ್ಟುತ್ತದೆ: ‘ಐ ಆಮ್ ಸ್ಟೇಯಿಂಗ್ ಇನ್ ಜಯನಗರ್ ಸಿನ್ಸ್ ಟೆನ್ ಇಯರ್ಸ್’. ‘ಹತ್ತು ವರ್ಷಗಳಿಂದ ಜಯನಗರದಲ್ಲಿದ್ದೇನೆ’ ಎಂಬುದರ ಪದಶಃ ಅನುವಾದವಿದು. ಇದರಲ್ಲಿ ಎರಡು ದೋಷಗಳಿವೆ. ಕನ್ನಡದ ‘ಇದ್ದೇನೆ’ ವರ್ತಮಾನವಾದರೂ, ಆರಂಭ ಹಿಂದಿದ್ದು ಈವರೆಗೆ ನಡೆದು ಬಂದುದನ್ನು ಇಂಗ್ಲಿಷ್ ಕೇವಲ ವರ್ತಮಾನದಲ್ಲಿ ಹೇಳುವುದಿಲ್ಲ. ‘ಹ್ಯಾವ್ ಲಿವ್ಡ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು. ಎರಡನೆಯದಾಗಿ, ಕನ್ನಡದ ಒಂದೇ ‘ಇಂದ’ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಯ ಅಳತೆಗೆ ‘ಫಾರ್’. ‘2015ರಿಂದ’ ಎಂದರೆ ‘ಸಿನ್ಸ್ 2015’. ‘ಹತ್ತು ವರ್ಷಗಳಿಂದ’ ಎಂದರೆ ‘ಫಾರ್ ಟೆನ್ ಇಯರ್ಸ್’. ಸರಿಯಾದ ವಾಕ್ಯ: ‘ಐ ಹ್ಯಾವ್ ಲಿವ್ಡ್ ಇನ್ ಜಯನಗರ್ ಫಾರ್ ಟೆನ್ ಇಯರ್ಸ್’.

ಅದೇ ವ್ಯಕ್ತಿ ಜಯನಗರವನ್ನು ಬಿಟ್ಟು ಬೇರೆಡೆಗೆ ಹೋಗಿದ್ದರೆ ‘ಐ ಲಿವ್ಡ್ ಇನ್ ಜಯನಗರ್ ಫಾರ್ ಟೆನ್ ಇಯರ್ಸ್’ ಎನ್ನಬೇಕು. ‘ಫಾರ್’ ಎರಡೂ ಕಡೆ ಬರುತ್ತದೆ. ಈಗಲೂ ಅಲ್ಲಿದ್ದಾರೆಯೇ ಎಂಬುದನ್ನು ‘ಹ್ಯಾವ್’ ಪದವೊಂದೇ ಹೇಳುತ್ತದೆ.

ಕನ್ನಡದಲ್ಲಿಲ್ಲದ ಕಟ್ಟುಪಾಡು

ಬೆಳಗ್ಗೆ ಅಂಗಳ ಒದ್ದೆಯಾಗಿರುವುದನ್ನು ಕಂಡು ‘ರಾತ್ರಿ ಮಳೆ ಬಂದಿದೆ’ ಎಂದು ಕನ್ನಡದಲ್ಲಿ ಹೇಳುವುದು ಸಹಜ. ‘ಬಂದಿದೆ’ ಎಂಬ ರೂಪದ ಜೊತೆಯಲ್ಲಿ ‘ರಾತ್ರಿ’ ಎಂಬ ಮುಗಿದ ಕಾಲ ನೆಮ್ಮದಿಯಾಗಿ ಕುಳಿತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಇಟ್ ಹ್ಯಾಸ್ ರೇನ್ಡ್ ಲಾಸ್ಟ್ ನೈಟ್’ ಎಂದರೆ ತಪ್ಪು; ‘ಇಟ್ ರೇನ್ಡ್ ಲಾಸ್ಟ್ ನೈಟ್’ ಎಂದೇ ಹೇಳಬೇಕು. ಮುಗಿದ ಕಾಲವನ್ನು ಹೆಸರಿಸುವ ಪದ ಬಂದೊಡನೆ ಪ್ರೆಸೆಂಟ್ ಪರ್ಫೆಕ್ಟ್ ಅಲ್ಲಿಂದ ಏಳಬೇಕು. ಇದೇ ಆ ಕಟ್ಟುಪಾಡು.

ಈ ವಿಷಯದಲ್ಲಿ ಕನ್ನಡ ಒಂಟಿಯಲ್ಲ. ಫ್ರೆಂಚ್ ಹಾಗೂ ಜರ್ಮನ್ ಭಾಷೆಗಳಲ್ಲಿಯೂ ಸಹಾಯಕ ಕ್ರಿಯಾಪದ ಸೇರಿದ ಇಂಥದೇ ರೂಪಗಳು ‘ನಿನ್ನೆ’ ಎಂಬ ಪದದೊಂದಿಗೆ ಸಲೀಸಾಗಿ ಬರುತ್ತವೆ. ಆದ್ದರಿಂದ ಆ ಭಾಷಿಕರೂ ಇಂಗ್ಲಿಷ್ ಕಲಿಯುವಾಗ ಇದೇ ತಪ್ಪನ್ನು ಮಾಡುತ್ತಾರೆ.

ಕನ್ನಡ ಪತ್ರಿಕೆಗಳ ಭಾಷೆ ಈ ತಪ್ಪಿಗೆ ಮತ್ತಷ್ಟು ಇಂಬು ಕೊಡುತ್ತದೆ. ‘ಶನಿವಾರ ರಾತ್ರಿ ಅಪಘಾತ ಸಂಭವಿಸಿದೆ’, ‘ಸಚಿವರು ಸೋಮವಾರ ತಿಳಿಸಿದ್ದಾರೆ’ ಎಂಬುದು ವರದಿಗಳ ರೂಢಿಯ ಧಾಟಿ; ಕನ್ನಡದಲ್ಲಿ ಅದು ದೋಷವಲ್ಲ. ಅದನ್ನೇ ಇಂಗ್ಲಿಷಿಗೆ ತರುವವರು ‘ಆನ್ ಆಕ್ಸಿಡೆಂಟ್ ಹ್ಯಾಸ್ ಟೇಕನ್ ಪ್ಲೇಸ್ ಆನ್ ಸ್ಯಾಟರ್‌ಡೇ’ ಎಂದು ಬರೆಯುತ್ತಾರೆ. ವಾರದ ಹೆಸರು ಉಳಿಯಬೇಕಾದರೆ ‘ಟುಕ್ ಪ್ಲೇಸ್’ ಎಂದಾಗಬೇಕು. ‘ಹ್ಯಾಸ್ ಟೇಕನ್ ಪ್ಲೇಸ್’ ಉಳಿಯಬೇಕಾದರೆ ವಾರದ ಹೆಸರು ಹೋಗಬೇಕು.

ಪ್ರತಿಯೊಂದು ಭಾಷೆಗೂ ಅದರದೇ ವ್ಯಾಕರಣವಿದೆ, ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರಕಹೊಯ್ಯಲಾಗದು. ಸಂಸ್ಕೃತದ ಅಚ್ಚಿನ ಕುರಿತು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ಇಂತಹ ವಾದವನ್ನೇ ಮಂಡಿಸಿದ್ದರು. ಆ ಎಚ್ಚರ ಇಲ್ಲಿಯೂ ಸಲ್ಲುತ್ತದೆ. ಕನ್ನಡದ ಭೇದಗಳು ಇಂಗ್ಲಿಷ್ ಕಲಿಯಲು ನೆರವಾಗುತ್ತವೆ. ಆದರೆ ಕನ್ನಡದ ಸ್ವಾತಂತ್ರ್ಯಗಳನ್ನೆಲ್ಲ ಇಂಗ್ಲಿಷ್ ಒಪ್ಪುವುದಿಲ್ಲ.

ಕಾಲಸೂಚಕ ಪದಗಳ ವಿಂಗಡಣೆ

ಸಿಂಪಲ್ ಪಾಸ್ಟ್ ಬೇಡುವ ಪದಗಳು: ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಲಾಸ್ಟ್ ಇಯರ್’, ‘ಟೂ ಡೇಸ್ ಅಗೋ’, ‘ಇನ್ 2017’, ‘ಆನ್ ಮಂಡೇ’, ಹಾಗೂ ‘ವೆನ್’ ಎಂದು ಆರಂಭವಾಗುವ ಪ್ರಶ್ನೆ. ‘ವೆನ್ ಹ್ಯಾವ್ ಯೂ ಕಮ್?’ ಎಂಬುದು ತಪ್ಪು; ‘ವೆನ್ ಡಿಡ್ ಯೂ ಕಮ್?’ ಎಂಬುದು ಸರಿ.

ಪ್ರೆಸೆಂಟ್ ಪರ್ಫೆಕ್ಟ್ ಬಯಸುವ ಪದಗಳು: ಈವರೆಗೆ ನಡೆದು ಬಂದುದನ್ನು ಸೂಚಿಸುವ ‘ಸಿನ್ಸ್’, ಹಾಗೂ ‘ಸೋ ಫಾರ್’, ‘ಯೆಟ್’, ‘ಆಲ್ರೆಡಿ’, ‘ಜಸ್ಟ್’, ‘ಎವರ್’, ‘ನೆವರ್’. ಕನ್ನಡದಲ್ಲಿ ‘ಇನ್ನೂ’, ‘ಈಗಾಗಲೇ’, ‘ಈಗತಾನೆ’, ‘ಇದುವರೆಗೆ’, ‘ಎಂದಾದರೂ’ ಎಂಬ ಮಾತುಗಳು ಬಂದ ಕಡೆ ಇವುಗಳನ್ನು ನಿರೀಕ್ಷಿಸಬಹುದು.

ಎರಡರ ಜೊತೆಗೂ ಬರುವ ಪದಗಳು: ‘ಟುಡೇ’, ‘ದಿಸ್ ಮಾರ್ನಿಂಗ್’, ‘ದಿಸ್ ವೀಕ್’, ‘ರೀಸೆಂಟ್ಲಿ’, ‘ಫಾರ್’. ಬೆಳಗ್ಗೆ ಹತ್ತು ಗಂಟೆಗೆ ‘ಐ ಹ್ಯಾವ್ ನಾಟ್ ಹ್ಯಾಡ್ ಕಾಫಿ ದಿಸ್ ಮಾರ್ನಿಂಗ್’ ಎಂದರೆ ಬೆಳಗು ಇನ್ನೂ ಮುಗಿದಿಲ್ಲ, ಕಾಫಿಗೆ ಅವಕಾಶವಿದೆ. ಸಂಜೆ ನಾಲ್ಕು ಗಂಟೆಗೆ ಅದೇ ವಿಷಯವನ್ನು ‘ಐ ಡಿಡ್ ನಾಟ್ ಹ್ಯಾವ್ ಕಾಫಿ ದಿಸ್ ಮಾರ್ನಿಂಗ್’ ಎಂದು ಹೇಳಬೇಕು. ಪದ ಅದೇ, ಬಾಗಿಲು ಮುಚ್ಚಿದೆ.

ಬಡಾವಣೆಯ ಇತಿಹಾಸವೇ ಒಳ್ಳೆಯ ಪಾಠ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು: ‘ವರ್ಕ್ ಆನ್ ಜಯನಗರ್ ಬಿಗ್ಯಾನ್ ಇನ್ 1948’. ಅಂದಿನಿಂದ ಅದು ಬಹಳ ಬದಲಾಗಿದೆ: ‘ಜಯನಗರ್ ಹ್ಯಾಸ್ ಚೇಂಜ್ಡ್ ಎ ಲಾಟ್ ಸಿನ್ಸ್ 1948’. ಇಸವಿ ಎರಡೂ ಕಡೆ ಒಂದೇ. ‘ಇನ್’ ಎಂಬುದು ಬಾಗಿಲನ್ನು ಮುಚ್ಚಿದರೆ ‘ಸಿನ್ಸ್’ ಅದನ್ನು ಇಂದಿನವರೆಗೆ ತೆರೆದಿಡುತ್ತದೆ. ಹಾಗೆಯೇ ಮೆಟ್ರೊದ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿಗಳನ್ನು ಮುಟ್ಟಿ ಯಲಚೇನಹಳ್ಳಿಯವರೆಗೆ ಸಾಗಿತು: ‘ದ ಮೆಟ್ರೊ ರೀಚ್ಡ್ ಯಲಚೇನಹಳ್ಳಿ ಇನ್ ಜೂನ್ 2017’. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಬಿಟಿಎಂ ಬಡಾವಣೆಗಳ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗಕ್ಕೆ 2025ರ ಆಗಸ್ಟ್ 10ರಂದು ಚಾಲನೆ ದೊರೆಯಿತು. ದಿನಾಂಕ ಹೇಳದೆ, ಮೆಟ್ರೊ ಈಗ ಬಿಟಿಎಂಗೂ ಬಂದಿದೆ ಎನ್ನುವಾಗ ‘ದ ಮೆಟ್ರೊ ಹ್ಯಾಸ್ ಕಮ್ ಟು ಬಿಟಿಎಂ’ ಎನ್ನಬೇಕು.

ಇನ್ನೂ ಮೂರು ತೊಡಕುಗಳು

ಮೊದಲನೆಯದು ‘ಹೋಗಿದ್ದೆ’ ಎಂಬ ರೂಪ. ‘ನಿನ್ನೆ ಲಾಲ್‌ಬಾಗಿಗೆ ಹೋಗಿದ್ದೆವು’ ಎಂಬುದು ಕನ್ನಡದಲ್ಲಿ ಸರಳವಾದ ಭೂತಕಾಲದ ಮಾತು. ಅದನ್ನು ‘ವಿ ಹ್ಯಾಡ್ ಗಾನ್ ಟು ಲಾಲ್‌ಬಾಗ್ ಯೆಸ್ಟರ್‌ಡೇ’ ಎಂದು ಅನುವಾದಿಸಿದರೆ ಕೇಳುವವರು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾರೆ. ‘ಹ್ಯಾಡ್ ಗಾನ್’ ಎಂಬುದು ಭೂತಕಾಲದ ಒಂದು ಘಟನೆಗಿಂತಲೂ ಮೊದಲು ನಡೆದುದನ್ನು ಹೇಳುವ ರೂಪ. ನಿಲ್ದಾಣ ತಲಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು ಎಂಬಂತಹ ಕಡೆ ಮಾತ್ರ ಅದು ಬೇಕು. ಲಾಲ್‌ಬಾಗಿನ ಪ್ರವಾಸಕ್ಕೆ ‘ವಿ ವೆಂಟ್’ ಸಾಕು.

ಎರಡನೆಯದು ‘ಹೋಗಿದ್ದಾರೆ’ ಮತ್ತು ‘ಹೋಗಿ ಬಂದಿದ್ದಾರೆ’ ಎಂಬ ಭೇದ. ‘ಅವರು ಮೈಸೂರಿಗೆ ಹೋಗಿದ್ದಾರೆ’ ಎಂದರೆ ಈಗ ಮನೆಯಲ್ಲಿಲ್ಲ: ‘ಹಿ ಹ್ಯಾಸ್ ಗಾನ್ ಟು ಮೈಸೂರು’. ‘ಅವರು ಮೈಸೂರಿಗೆ ಹೋಗಿ ಬಂದಿದ್ದಾರೆ’ ಎಂದರೆ ಅನುಭವವುಂಟು, ಈಗ ಇಲ್ಲಿದ್ದಾರೆ: ‘ಹಿ ಹ್ಯಾಸ್ ಬೀನ್ ಟು ಮೈಸೂರು’. ಮನೆಯಿಂದ ಹೊರಡುವಾಗಲೂ ‘ಹೋಗಿ ಬರುತ್ತೇನೆ’ ಎನ್ನುವ ಜನರಿಗೆ ಈ ‘ಬೀನ್’ ಕಷ್ಟವಾಗಬಾರದು.

ಮೂರನೆಯದು ಆಡುಮಾತಿನ ಭೂತಕಾಲ. ದೂರದಲ್ಲಿ ಬಸ್ಸು ಕಂಡೊಡನೆ ‘ಬಸ್ ಬಂತು’ ಎನ್ನುತ್ತಾರೆ. ಒಳಗಿನಿಂದ ಕರೆದಾಗ ಎದ್ದೇಳುವ ಮೊದಲೇ ‘ಬಂದೆ’ ಎನ್ನುತ್ತಾರೆ. ಎರಡರಲ್ಲಿಯೂ ಕ್ರಿಯೆ ಇನ್ನೂ ಮುಗಿದಿಲ್ಲ. ಇಂಗ್ಲಿಷಿನಲ್ಲಿ ಇವಕ್ಕೆ ‘ಕೇಮ್’ ಸಲ್ಲದು, ‘ಹ್ಯಾಸ್ ಕಮ್’ ಕೂಡ ಸಲ್ಲದು. ‘ದ ಬಸ್ ಈಸ್ ಕಮಿಂಗ್’, ‘ಐ ಆಮ್ ಕಮಿಂಗ್’ ಎಂದೇ ಹೇಳಬೇಕು. ‘ಊಟ ಆಯಿತೇ?’ ಎಂಬ ಕುಶಲ ಪ್ರಶ್ನೆ ಮಾತ್ರ ಈಗಿನ ಸ್ಥಿತಿಯನ್ನು ಕೇಳುವಂಥದು. ಅದಕ್ಕೆ ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಎಂಬುದು ಸರಿಯಾದ ರೂಪ.

ಮಾತಿನ ಕ್ರಮ: ಮೊದಲು ಸುದ್ದಿ, ಅನಂತರ ವಿವರ

ಎರಡು ಕಾಲಗಳೂ ಒಂದೇ ಸಂಭಾಷಣೆಯಲ್ಲಿ ಬಂದಾಗ ಅವುಗಳಿಗೆ ಒಂದು ಕ್ರಮವಿದೆ. ಸುದ್ದಿಯನ್ನು ಪ್ರೆಸೆಂಟ್ ಪರ್ಫೆಕ್ಟ್ ತರುತ್ತದೆ. ಎಲ್ಲಿ, ಯಾವಾಗ, ಹೇಗೆ ಎಂಬ ವಿವರವನ್ನು ಸಿಂಪಲ್ ಪಾಸ್ಟ್ ಕೊಡುತ್ತದೆ. ಪರ್ಸ್ ಕಳೆದುಕೊಂಡು ಠಾಣೆಗೆ ದೂರು ಕೊಡುವವರು ‘ಐ ಹ್ಯಾವ್ ಲಾಸ್ಟ್ ಮೈ ಪರ್ಸ್’ ಎಂದು ಆರಂಭಿಸಬೇಕು. ಮುಂದಿನ ವಾಕ್ಯ ‘ಐ ಲಾಸ್ಟ್ ಇಟ್ ನಿಯರ್ ದ ಬಸ್ ಸ್ಟಾಂಡ್ ಅಟ್ ಫೈವ್ ಓ ಕ್ಲಾಕ್’ ಎಂದಾಗಬೇಕು. ಇಂಗ್ಲಿಷ್ ಸುದ್ದಿವಾಚನದಲ್ಲಿಯೂ ಈ ಕ್ರಮವನ್ನು ಗಮನಿಸಬಹುದು. ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸಂಗತಿಯನ್ನು ದಿನಾಂಕವಿಲ್ಲದೆ ಹೇಳುವಾಗ ‘ಹ್ಯಾಸ್ ವನ್’. 2025ರ ಮೇ ಎಂದು ಸೇರಿಸಿದಾಗ ‘ವನ್’.

ಬದುಕಿರುವವರ ಹಾಗೂ ಗತಿಸಿದವರ ವಿಷಯದಲ್ಲಿಯೂ ಈ ಎಚ್ಚರ ಬೇಕು. ಬರೆಯುತ್ತಿರುವ ಲೇಖಕರ ಕುರಿತು ‘ಹ್ಯಾಸ್ ರಿಟನ್’ ಎನ್ನುವುದು ಸಹಜ, ಏಕೆಂದರೆ ಅವರ ಪಟ್ಟಿ ಇನ್ನೂ ಬೆಳೆಯಬಹುದು. ಕುವೆಂಪು ಅವರ ಕುರಿತು ಹೇಳುವಾಗ ‘ರೋಟ್’ ಎನ್ನಬೇಕು. ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಿಧನರಾದರು. ಅವರ ಪರಿಚಯ ಬರೆಯುವವರು ಅಂದಿನವರೆಗೆ ಬಳಸುತ್ತಿದ್ದ ‘ಹ್ಯಾಸ್ ರಿಟನ್’ ಅಂದಿನಿಂದ ‘ರೋಟ್’ ಆಗಬೇಕಾಯಿತು. ಒಂದು ಬದುಕಿನ ಬಾಗಿಲು ಮುಚ್ಚಿದುದನ್ನು ವ್ಯಾಕರಣವೂ ದಾಖಲಿಸುತ್ತದೆ.

ಸಂದರ್ಶನ ಮತ್ತು ಅರ್ಜಿಗಳಲ್ಲಿ

ಉದ್ಯೋಗಾರ್ಥಿಗಳ ಪತ್ರಗಳಲ್ಲಿ ಪದೇಪದೇ ಕಾಣುವ ವಾಕ್ಯ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2019’. ಇಸವಿ ಇರುವುದರಿಂದ ‘ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2019’ ಎಂದಾಗಬೇಕು. ಇಸವಿ ಬೇಡವಾದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ.’ ಎಂಬುದೂ ಸರಿಯೇ. ‘ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್‌ಡೇ’ ಎಂಬ ಕಚೇರಿಯ ವಾಕ್ಯಕ್ಕೂ ಇದೇ ತಿದ್ದುಪಡಿ.

ಇವು ಕಿವಿಗೆ ಒರಟಾಗಿ ಕೇಳಿಸಿದರೂ ಅರ್ಥ ಕೆಡುವುದಿಲ್ಲ. ಅರ್ಥವೇ ಕೆಡುವುದು ಅನುಭವದ ಪ್ರಶ್ನೆಯಲ್ಲಿ. ಈಗಲೂ ಕೆಲಸದಲ್ಲಿರುವ ಅಭ್ಯರ್ಥಿ ‘ಐ ವರ್ಕ್ಡ್ ಇನ್ ಎ ಬ್ಯಾಂಕ್ ಫಾರ್ ತ್ರೀ ಇಯರ್ಸ್’ ಎಂದರೆ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ ಎಂದು ಸಂದರ್ಶಕರು ತಿಳಿಯಬಹುದು. ಬಿಟ್ಟದ್ದೇಕೆ ಎಂಬ ಅನಗತ್ಯ ಪ್ರಶ್ನೆಯೂ ಎದುರಾಗಬಹುದು. ‘ಐ ಹ್ಯಾವ್ ವರ್ಕ್ಡ್ ಇನ್ ಎ ಬ್ಯಾಂಕ್ ಫಾರ್ ತ್ರೀ ಇಯರ್ಸ್’ ಅಥವಾ ‘ಹ್ಯಾವ್ ಬೀನ್ ವರ್ಕಿಂಗ್’ ಎಂದರೆ ಇಂದಿಗೂ ಅಲ್ಲಿಯೇ ಇದ್ದಾರೆ ಎಂಬ ಅರ್ಥ ನಿಲ್ಲುತ್ತದೆ.

ಬ್ರಿಟಿಷ್ ಹಾಗೂ ಅಮೆರಿಕನ್ ರೂಢಿ

ಭಾರತದ ಶಾಲೆಗಳು ಅನುಸರಿಸಿದ್ದು ಬ್ರಿಟಿಷ್ ರೂಢಿಯನ್ನು. 1930ರ ದಶಕದಲ್ಲಿ ಪ್ರಕಟವಾಗಿ ಇಂದಿಗೂ ಮನೆಮಾತಾಗಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವೂ ಅದೇ ದಾರಿಯದು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿಯೇ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಆದರೆ ಅಮೆರಿಕದ ಗ್ರಾಹಕರೊಂದಿಗೆ ಮಾತನಾಡುವ ಉದ್ಯೋಗಿಗಳು ‘ಡಿಡ್ ಯೂ ಈಟ್ ಯೆಟ್?’, ‘ಐ ಜಸ್ಟ್ ಸೆಂಟ್ ಇಟ್’ ಎಂಬ ಮಾತುಗಳನ್ನು ಕೇಳುತ್ತಾರೆ. ‘ಜಸ್ಟ್’, ‘ಆಲ್ರೆಡಿ’, ‘ಯೆಟ್’ ಇರುವ ಕಡೆ ಅಮೆರಿಕನ್ ಆಡುಮಾತು ಸಿಂಪಲ್ ಪಾಸ್ಟನ್ನೂ ಒಪ್ಪುತ್ತದೆ, ಅದು ತಪ್ಪಲ್ಲ. ಆದರೆ ‘ಹ್ಯಾವ್ ಸೆಂಟ್ ಯೆಸ್ಟರ್‌ಡೇ’ ಎಂಬುದನ್ನು ಎರಡು ದೇಶಗಳ ಶಿಷ್ಟ ರೂಢಿಯೂ ಒಪ್ಪುವುದಿಲ್ಲ. ಶಾಲಾ ಪರೀಕ್ಷೆಗಳಲ್ಲಿ ಬ್ರಿಟಿಷ್ ರೂಢಿಯನ್ನು ಪಾಲಿಸುವುದು ಕ್ಷೇಮ.

ಅಭ್ಯಾಸಕ್ಕೆ ಆರು ವಾಕ್ಯಗಳು

1. ಅವರು ಎರಡು ವರ್ಷಗಳ ಹಿಂದೆ ಜೆ.ಪಿ. ನಗರಕ್ಕೆ ಬಂದರು.
2. ಅವರು ಎರಡು ವರ್ಷಗಳಿಂದ ಜೆ.ಪಿ. ನಗರದಲ್ಲಿದ್ದಾರೆ.
3. ಹಳದಿ ಮಾರ್ಗದಲ್ಲಿ ನಾನು ಇನ್ನೂ ಪ್ರಯಾಣಿಸಿಲ್ಲ.
4. ಮನೆಯ ಮಾಲೀಕರು ಕಳೆದ ತಿಂಗಳು ಬಾಡಿಗೆ ಏರಿಸಿದ್ದಾರೆ.
5. ವೈದ್ಯರು ಬಂದಿದ್ದಾರೆಯೇ?
6. ನಿನ್ನೆ ಬ್ಯಾಂಕಿಗೆ ಹೋಗಿದ್ದೆ.

ಉತ್ತರಗಳು: ಒಂದನೆಯದು ‘ದೇ ಕೇಮ್ ಟು ಜೆ.ಪಿ. ನಗರ್ ಟೂ ಇಯರ್ಸ್ ಅಗೋ’. ಎರಡನೆಯದು ‘ದೇ ಹ್ಯಾವ್ ಲಿವ್ಡ್ ಇನ್ ಜೆ.ಪಿ. ನಗರ್ ಫಾರ್ ಟೂ ಇಯರ್ಸ್’. ಮೂರನೆಯದು ‘ಐ ಹ್ಯಾವ್ ನಾಟ್ ಟ್ರಾವೆಲ್ಡ್ ಆನ್ ದ ಯೆಲ್ಲೋ ಲೈನ್ ಯೆಟ್’. ನಾಲ್ಕನೆಯದರಲ್ಲಿ ಕನ್ನಡದ ‘ಏರಿಸಿದ್ದಾರೆ’ ಎಂಬುದಕ್ಕೆ ಮರುಳಾಗದೆ, ‘ಕಳೆದ ತಿಂಗಳು’ ಎಂಬ ಪದವನ್ನು ಗಮನಿಸಿ ‘ದ ಓನರ್ ರೈಸ್ಡ್ ದ ರೆಂಟ್ ಲಾಸ್ಟ್ ಮಂತ್’ ಎನ್ನಬೇಕು. ಐದನೆಯದು ‘ಹ್ಯಾಸ್ ದ ಡಾಕ್ಟರ್ ಕಮ್?’. ಆರನೆಯದು ‘ಐ ವೆಂಟ್ ಟು ದ ಬ್ಯಾಂಕ್ ಯೆಸ್ಟರ್‌ಡೇ’.

ಗೊಂದಲವಾದಾಗ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಂಡರೆ ಸಾಕು. ವಾಕ್ಯದಲ್ಲಿ ಮುಗಿದ ಕಾಲದ ಹೆಸರಿದೆಯೇ? ಇದ್ದರೆ ಸಿಂಪಲ್ ಪಾಸ್ಟ್, ಮುಂದೆ ಯೋಚಿಸಬೇಕಾಗಿಲ್ಲ. ಇಲ್ಲದಿದ್ದರೆ, ಕನ್ನಡದಲ್ಲಿ ‘ಇಂದ’ ಹಾಗೂ ‘ಇದೆ’ ಜೊತೆಯಾಗಿ ಬರುತ್ತವೆಯೇ? ಬಂದರೆ ಪ್ರೆಸೆಂಟ್ ಪರ್ಫೆಕ್ಟ್. ಅದೂ ಇಲ್ಲದಿದ್ದರೆ, ಎದುರು ಮಾತು ‘ಬಂದಿಲ್ಲ’ ಎಂದಾಗುತ್ತದೆಯೇ, ‘ಬರಲಿಲ್ಲ’ ಎಂದಾಗುತ್ತದೆಯೇ? ಕಿವಿಗೆ ಸಹಜವೆನಿಸಿದ ಉತ್ತರವೇ ಇಂಗ್ಲಿಷಿನ ರೂಪವನ್ನು ತೋರಿಸಿಕೊಡುತ್ತದೆ. ಬನಶಂಕರಿಯ ಆ ರೋಗಿ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ, ಮೂರು ದಿನಗಳ ಜ್ವರ ಇನ್ನೂ ಬಿಟ್ಟಿಲ್ಲ ಎಂಬುದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಯುತ್ತಿತ್ತು.